ತಂಗಿಗೆ ಬಾಣಂತನದಲ್ಲಿ ಮನಸ್ಸು ಸರಿಯಿಲ್ಲ, ಮನೋವೈದ್ಯರ ಹತ್ತಿರ ಹೋಗೋಕೆ ಮನೆಯವರು ಬಿಡ್ತಿಲ್ಲ

ತುಂಗೆ ದಂಡೆ
ಭಾನುವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಂಗಿಗೆ ಹೆರಿಗೆಯಾಗಿ ಹತ್ತು ವಾರವಾಯಿತು. ಎರಡನೆಯದೂ ಹೆಣ್ಣುಮಗು. ಬಾಣಂತನ ತೀರ್ಥಹಳ್ಳಿ ಹತ್ತಿರ ನಮ್ಮ ಅಮ್ಮನ ಮನೆಯಲ್ಲೇ. ಎಣ್ಣೆ ಹಚ್ಚುವುದು, ಹಂಡೆ ತುಂಬ ಬಿಸಿನೀರು, ಬಾಣಂತಿ ಖಾರ, ಸಾಂಬ್ರಾಣಿ, ಯಾವುದಕ್ಕೂ ಅಮ್ಮ ಕಡಿಮೆ ಮಾಡಿಲ್ಲ. ಆದರೆ ತಂಗಿ ಮೊದಲಿನ ಹಾಗಿಲ್ಲ. ಮಗು ಮಲಗಿದರೂ ಇವಳಿಗೆ ನಿದ್ದೆ ಬರುವುದಿಲ್ಲ. ಗೋಡೆ ಕಡೆ ತಿರುಗಿ ಮಲಗಿರುತ್ತಾಳೆ. ಹಾಲು ಕೊಡುವಾಗ ಮಗುವಿನ ಮುಖ ನೋಡುವುದಿಲ್ಲ. ದೊಡ್ಡವಳು ಬಂದು ತೊಡೆ ಮೇಲೆ ಕೂತರೆ ಸುಮ್ನೆ ಅಳುತ್ತಾಳೆ. ಮೊನ್ನೆ ರಾತ್ರಿ ನನ್ನ ಹತ್ತಿರ "ಅಕ್ಕ, ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ ಅಲ್ವಾ" ಅಂದಳು. ಅವತ್ತಿಂದ ನನಗೂ ನಿದ್ದೆ ಇಲ್ಲ.

ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗೋಣ ಅಂತ ನಾನು ಹೇಳಿದೆ. ಅವಳ ಅತ್ತೆ ಫೋನಿನಲ್ಲಿ "ಹುಚ್ಚಾಸ್ಪತ್ರೆ ಮೆಟ್ಟಿಲು ಹತ್ತಿದರೆ ನಾಳೆ ಈ ಎರಡು ಹೆಣ್ಣುಮಕ್ಕಳನ್ನು ಯಾರು ಮಾಡಿಕೊಳ್ತಾರೆ" ಅಂದರು. ಅವಳ ಗಂಡ "ಅಮ್ಮ ಹೇಳಿದ ಹಾಗೆ ಸ್ವಲ್ಪ ದಿನ ನೋಡೋಣ" ಅಂದ. ಅಪ್ಪ ಏನೂ ಮಾತಾಡಲಿಲ್ಲ. ಅಮ್ಮನ ಭಯ ಬೇರೆ. "ಚೀಟಿಯಲ್ಲಿ ತಲೆ ಸರಿಯಿಲ್ಲ ಅಂತ ಬರೆದುಬಿಟ್ಟರೆ, ಅದನ್ನೇ ಹಿಡಿದುಕೊಂಡು ಅವರು ಇವಳನ್ನು ಬಿಟ್ಟುಬಿಟ್ಟರೆ?" ಅಂತಾಳೆ.

ಹೋದ ವರ್ಷ ತಂಗಿ ಗಂಡನಿಗೆ ಸೊಂಟ ಹಿಡಿದಾಗ ಒಂದು ಗಂಟೆಯೊಳಗೆ ಕಾರು ಮಾಡಿ ಮಂಗಳೂರಿಗೆ ಕರೆದುಕೊಂಡು ಹೋದರು. ಯಾರೂ ಯಾರನ್ನೂ ಕೇಳಲಿಲ್ಲ. ಇವಳ ವಿಷಯಕ್ಕೆ ನಾಲ್ಕು ಜನರ ಒಪ್ಪಿಗೆ ಬೇಕು. ಆ ನಾಲ್ಕು ಜನರಲ್ಲಿ ಇವಳೇ ಇಲ್ಲ.

ಮಾತ್ರೆ ಕೊಟ್ಟರೆ ಹಾಲು ಬಿಡಿಸಬೇಕಾ? ಚೀಟಿ ಇಟ್ಟುಕೊಂಡು ಡೈವೋರ್ಸ್ ಮಾಡೋಕೆ ಆಗುತ್ತಾ? ಅಮ್ಮನಿಗೆ ಏನು ಹೇಳಲಿ? ಗೊತ್ತಿದ್ದವರು ಹೇಳಿ.


ಮಲ್ಲಿಗೆ ದಂಡೆ
ಭಾನುವಾರ, ರಾತ್ರಿ 11.05

ಅಕ್ಕ, ಬೇರೆಲ್ಲ ಆಮೇಲೆ. "ನಾನಿಲ್ಲದಿದ್ದರೆ" ಅನ್ನುವ ಮಾತು ಬಂದಮೇಲೆ ನಾಳೆ ನಾಡಿದ್ದು ಅನ್ನಬೇಡಿ. ಈಗಲೇ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ಸರ್ಕಾರದ್ದು. ದುಡ್ಡು ಇಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ. ಅವಳೇ ಮಾಡಬೇಕು ಅಂತಿಲ್ಲ, ನೀವೂ ಮಾಡಬಹುದು. ಅವಳನ್ನು ಒಂಟಿಯಾಗಿ ಬಿಡಬೇಡಿ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತೆ ಅಂತ ಎಲ್ಲರೂ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ನನ್ನನ್ನು ಕೇಳಿದ್ದು ನಮ್ಮ ಪಕ್ಕದ ಮನೆಯ ಟೀಚರ್. ಕೇಳಿದ ಕೂಡಲೇ ಎದೆ ಮೇಲಿನ ಚಪ್ಪಡಿ ಸರಿದ ಹಾಗಾಯಿತು.

ನನಗೆ ಹೀಗಾಗಿದ್ದು ಏಳು ವರ್ಷದ ಹಿಂದೆ. ಆರು ವಾರಕ್ಕೆ ತೋರಿಸೋಕೆ ಹೋದಾಗ ಡಾಕ್ಟರು ಹೊಲಿಗೆ ನೋಡಿದರು. ಮಗುವಿನ ತೂಕ ನೋಡಿದರು. "ಎಲ್ಲ ಚೆನ್ನಾಗಿದೆ" ಅಂತ ನಮ್ಮ ಅತ್ತೆಗೆ ಹೇಳಿದರು. ನಾನು ಅಲ್ಲೇ ಕೂತಿದ್ದೆ. ಹದಿನೈದು ದಿನದಿಂದ ನಾನು ಸರಿಯಾಗಿ ಊಟ ಮಾಡಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಡುಗೆಮನೆ ಕೆಲಸ ಪೂರ್ತಿ ನಿಂತುಹೋದಾಗ, ಅಂದರೆ ನಾಲ್ಕನೇ ತಿಂಗಳಲ್ಲಿ, ನನ್ನನ್ನು ತೋರಿಸೋಕೆ ಕರೆದುಕೊಂಡು ಹೋದರು. ನಾನು ಅಳುತ್ತಾ ಕೆಲಸ ಮಾಡಿಕೊಂಡು ಹೋಗಿದ್ದರೆ ಇವತ್ತಿಗೂ ಯಾರೂ ಕರೆದುಕೊಂಡು ಹೋಗುತ್ತಿರಲಿಲ್ಲ.


ಹಳೇ ಬೇರು
ಸೋಮವಾರ, ಬೆಳಿಗ್ಗೆ 6.20

ನಾನು ಹೇಳುವುದು ಕೆಲವರಿಗೆ ಇಷ್ಟವಾಗದೆ ಇರಬಹುದು. ನಮ್ಮ ಅಮ್ಮ ಏಳು ಮಕ್ಕಳನ್ನು ಹೆತ್ತರು. ನಮ್ಮ ಮನೆಯಲ್ಲಿ ಯಾರಿಗೂ ಇಂಥ ಕಾಯಿಲೆ ಬಂದಿದ್ದು ನನಗೆ ಗೊತ್ತಿಲ್ಲ. ಮನೆ ತುಂಬ ಜನ ಇರುತ್ತಿದ್ದರು, ಮಗುವನ್ನು ಹತ್ತು ಕೈ ಎತ್ತಿಕೊಳ್ಳುತ್ತಿತ್ತು. ಈಗ ಎಲ್ಲದಕ್ಕೂ ಮಾತ್ರೆ ಅಂದರೆ ಹೇಗೆ? ಮೂರು ತಿಂಗಳು ಚೆನ್ನಾಗಿ ಬಾಣಂತನ ಆಗಲಿ, ತಾನೇ ಸರಿಹೋಗಬಹುದು. ಅವಸರದಲ್ಲಿ ಆ ಹುಡುಗಿಗೆ ಒಂದು ಹಣೆಪಟ್ಟಿ ಅಂಟಿಸಬೇಡಿ ಅಂತ ನನ್ನ ಕಳಕಳಿ.


ಹಿತ್ತಲ ಬಾಗಿಲು
ಸೋಮವಾರ, ಬೆಳಿಗ್ಗೆ 8.15

ಹಳೇ ಬೇರು ಅವರೇ, ನನಗೆ ಎಪ್ಪತ್ತೆರಡು ವರ್ಷ. ನಿಮ್ಮ ಅಮ್ಮನ ಕಾಲ ನಾನು ಕಣ್ಣಾರೆ ಕಂಡಿದ್ದೇನೆ. ಆಗಲೂ ಇತ್ತು. ಅದಕ್ಕೆ ಹೆಸರೂ ಇತ್ತು. ಬಾಣಂತಿ ಸನ್ನಿ ಅನ್ನುತ್ತಿದ್ದರು. ಗಾಳಿ ಸೋಕಿದೆ ಅನ್ನುತ್ತಿದ್ದರು. ಬೇವಿನ ಸೊಪ್ಪು ಹಿಡಿದುಕೊಂಡು ಬರುತ್ತಿದ್ದರು.

ನನ್ನ ಚಿಕ್ಕಮ್ಮನಿಗೆ ಎರಡನೇ ಹೆರಿಗೆ ಆದಮೇಲೆ ಮಾತು ನಿಂತುಹೋಯಿತು. ಗಂಡನ ಮನೆಯವರು ಮಗುವನ್ನು ಇಟ್ಟುಕೊಂಡು ಅವಳನ್ನು ತವರಿಗೆ ತಂದು ಬಿಟ್ಟರು. ಚಿಕ್ಕಪ್ಪ ಇನ್ನೊಂದು ಮದುವೆಯಾದರು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅವಳು ಮೂವತ್ತೊಂದು ವರ್ಷ ಇದ್ದಳು. ಹಿತ್ತಲ ಬಾಗಿಲಿನಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಳು. ಮದುವೆ ಮನೆಗೆ ಅವಳನ್ನು ಕರೆದುಕೊಂಡು ಹೋಗುತ್ತಿರಲಿಲ್ಲ, ನಮ್ಮ ಮದುವೆಗೆ ತೊಂದರೆ ಅಂತ. ಮನೆಗೆ ಹೆಣ್ಣು ನೋಡೋಕೆ ಬಂದವರಿಗೆ ಅವಳು ಇದ್ದಾಳೆ ಅಂತಲೇ ಹೇಳುತ್ತಿರಲಿಲ್ಲ. ಹತ್ತು ಕೈ ಇತ್ತು ಅಂದಿರಲ್ಲ, ಇತ್ತು ನಿಜ. ಮಗುವಿಗೆ ಇತ್ತು. ಅವಳಿಗೆ ಇರಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗೂ ಬಂದಿದ್ದು ನಿಮಗೆ ಗೊತ್ತಿಲ್ಲ ಅನ್ನುವುದು ಸರಿ ಇರಬಹುದು. ಗಂಡುಮಕ್ಕಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುತ್ತಿದ್ದರು.


ಕರಿಕೋಟು
ಸೋಮವಾರ, ಮಧ್ಯಾಹ್ನ 1.30

ನಾನು ವಕೀಲಿ ಮಾಡುತ್ತೇನೆ, ಜಾಸ್ತಿ ಕೌಟುಂಬಿಕ ನ್ಯಾಯಾಲಯದಲ್ಲಿ. ತುಂಗೆ ದಂಡೆ ಅವರೇ, ನಿಮ್ಮ ಅಮ್ಮನ ಭಯ ಸುಳ್ಳಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಂನಲ್ಲಿ ಮಾನಸಿಕ ಅಸ್ವಸ್ಥತೆಯೂ ವಿಚ್ಛೇದನಕ್ಕೆ ಒಂದು ಕಾರಣ ಅಂತ ಇದೆ. ಹೆಂಗಸರ ಹಳೇ ಔಷಧಿ ಚೀಟಿಗಳನ್ನು ಕೋರ್ಟಿಗೆ ತಂದು ಹಾಕಿದ ಕೇಸುಗಳನ್ನು ನಾನೇ ನೋಡಿದ್ದೇನೆ.

ಆದರೆ ಚೀಟಿ ಇದ್ದರೆ ಸಾಕು, ಸಂಸಾರ ಮುಗಿಯಿತು ಅಂತ ಕಾನೂನು ಹೇಳುವುದಿಲ್ಲ. 1988ರಲ್ಲಿ ರಾಮ್ ನಾರಾಯಣ್ ಗುಪ್ತ ಮತ್ತು ರಾಮೇಶ್ವರಿ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಅಲ್ಲಿ ಗಂಡ ಹೇಳಿದ್ದು ಹೆಂಡತಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದೆ ಅಂತ. ಕಾಯಿಲೆಯ ಹೆಸರು ಹೇಳಿಬಿಟ್ಟರೆ ಸಾಲದು, ಜೊತೆಗೆ ಬಾಳೋಕೆ ಸಾಧ್ಯವೇ ಇಲ್ಲ ಅನ್ನುವಷ್ಟು ತೀವ್ರ ಅಂತ ಸಾಬೀತು ಮಾಡಬೇಕು ಅಂದಿತು ಕೋರ್ಟ್. ಗಂಡನಿಗೆ ವಿಚ್ಛೇದನ ಸಿಗಲಿಲ್ಲ. ಆ ತೀರ್ಪು ಬರೆದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಹೆರಿಗೆ ನಂತರದ ಖಿನ್ನತೆ ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಅದನ್ನು ಹಿಡಿದುಕೊಂಡು ಹೋದರೆ ಕೇಸು ನಿಲ್ಲುವುದು ಕಷ್ಟ. ಸರಿಯಾಗಿ ಚಿಕಿತ್ಸೆ ತೆಗೆದುಕೊಂಡ ದಾಖಲೆ ಹೆಣ್ಣುಮಗಳ ಪರವಾಗಿಯೇ ನಿಲ್ಲುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಗ್ಗೆಯೂ ಮನೆಯಲ್ಲಿ ಹೇಳಿ. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಅವರ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಅರ್ಥವಲ್ಲ, ಹಾಗೆ ಹೇಳೋಕೆ ಕೋರ್ಟೇ ಬೇಕು ಅಂತ 3ನೇ ಕಲಂನಲ್ಲಿದೆ. ಆಸ್ಪತ್ರೆಯವರು ವಿಷಯವನ್ನು ಗುಟ್ಟಾಗಿ ಇಡಬೇಕು. ಮಗುವಿಗೆ ಮೂರು ವರ್ಷ ಆಗಿಲ್ಲದಿದ್ದರೆ, ದಾಖಲಾದ ತಾಯಿಯಿಂದ ಅದನ್ನು ಸಾಮಾನ್ಯವಾಗಿ ಬೇರೆ ಮಾಡುವ ಹಾಗಿಲ್ಲ. ಮಗುವಿಗೆ ಅಪಾಯ ಅಂತ ವೈದ್ಯರಿಗೆ ಅನಿಸಿದರೆ ಮಾತ್ರ ಸ್ವಲ್ಪ ದಿನ ಬೇರೆ ಇಡಬಹುದು. ಇನ್ನೊಂದು, ಚಿಕಿತ್ಸೆ ವಿಷಯದಲ್ಲಿ ತನ್ನ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿ ಅಂತ ಒಬ್ಬರನ್ನು ಅವಳು ಬರೆದುಕೊಡಬಹುದು. ಅದು ಗಂಡನೇ ಆಗಬೇಕಿಲ್ಲ. ಅಕ್ಕನೂ ಆಗಬಹುದು, ಗೆಳತಿಯೂ ಆಗಬಹುದು. ಬಿಳಿ ಕಾಗದದ ಮೇಲೆ ಬರೆದು ಅವಳು ಸಹಿ ಮಾಡಿದರೆ ಸಾಕು, ಪ್ರತಿನಿಧಿಯಾಗುವವರೂ ಒಪ್ಪಿಗೆ ಬರೆದುಕೊಡಬೇಕು.

ನೀವು ಕೇಳದ ಒಂದು ವಿಷಯ. ಗಂಡುಮಗು ಆಗಲಿಲ್ಲ ಅಂತ ಚುಚ್ಚಿ ಮಾತಾಡುವುದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಮಾತಿನ ಮತ್ತು ಭಾವನಾತ್ಮಕ ದೌರ್ಜನ್ಯ. ಕಾಯ್ದೆಯಲ್ಲೇ ಹಾಗೆ ಬರೆದಿದೆ. ನಿಮ್ಮ ತಂಗಿ ಮನೆಯಲ್ಲಿ ಅಂಥದ್ದು ನಡೆದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಎರಡನೆಯದೂ ಹೆಣ್ಣು ಅಂತ ನೀವು ಬರೆದಿದ್ದಕ್ಕೆ ಹೇಳಿದೆ.


ತುಂಗೆ ದಂಡೆ
ಸೋಮವಾರ, ಮಧ್ಯಾಹ್ನ 3.10

ನಡೆದಿದೆ ಸರ್. ಆಸ್ಪತ್ರೆಯಲ್ಲೇ ನಡೆಯಿತು. ಮಗು ನೋಡೋಕೆ ಬಂದವರು ಬೆಲ್ಲ ಹಂಚದೆ ಹೋದರು. ತಂಗಿ ಅದನ್ನು ಇವತ್ತು ಬೆಳಿಗ್ಗೆ ನನಗೆ ಹೇಳಿದಳು, ಹತ್ತು ವಾರ ಆದಮೇಲೆ.

ಮಲ್ಲಿಗೆ ದಂಡೆ ಹೇಳಿದ ಹಾಗೆ ನೇರವಾಗಿ ಕೇಳಿದೆ. ನನ್ನ ಕೈ ನಡುಗುತ್ತಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು "ಬರುತ್ತೆ ಅಕ್ಕ, ಆದರೆ ಏನೂ ಮಾಡಿಕೊಳ್ಳಲ್ಲ, ಹೀಗೇ ಮಲಗಿ ಏಳದೆ ಇದ್ದರೆ ಸಾಕು ಅನ್ಸುತ್ತೆ" ಅಂದಳು. ಇಬ್ಬರೂ ಅತ್ತೆವು. ಆಮೇಲೆ 14416ಕ್ಕೆ ಫೋನ್ ಮಾಡಿದೆವು. ಮೊದಲು ನಾನು ಮಾತಾಡಿದೆ, ಆಮೇಲೆ ಅವಳೇ ಫೋನ್ ತೆಗೆದುಕೊಂಡು ಇಪ್ಪತ್ತು ನಿಮಿಷ ಮಾತಾಡಿದಳು. ತಡ ಮಾಡದೆ ಮನೋವೈದ್ಯರಿಗೆ ತೋರಿಸಿ, ಅಲ್ಲಿವರೆಗೆ ಯಾರಾದರೂ ಜೊತೆಯಲ್ಲೇ ಇರಿ ಅಂದರು. ನಾನು ಇಲ್ಲೇ ಉಳಿದುಕೊಂಡಿದ್ದೇನೆ. ನಾಳೆ ಹೊರಡುವುದು ಅಂತ ತೀರ್ಮಾನ ಮಾಡಿದ್ದೇವೆ. ಮಾತ್ರೆ ಮತ್ತು ಹಾಲಿನ ಬಗ್ಗೆ ಯಾರಾದರೂ ಹೇಳಿ, ಅಮ್ಮ ಅದೊಂದೇ ಹಿಡಿದುಕೊಂಡು ಕೂತಿದ್ದಾರೆ.


ರಾತ್ರಿ ಪಾಳಿ
ಸೋಮವಾರ, ಸಂಜೆ 5.45

ನಾನು ಮನೋವೈದ್ಯಕೀಯ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ನರ್ಸ್. ಫೋನ್ ಮಾಡಿದ್ದು ಒಳ್ಳೆಯದಾಯಿತು.

ಮೊದಲು ಹಾಲಿನ ವಿಷಯ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. ಸರ್ಟ್ರಾಲಿನ್ ಅನ್ನುವುದನ್ನು ಬಾಣಂತಿಯರಿಗೆ ತುಂಬ ಕೊಡುತ್ತಾರೆ, ಹಾಲಿಗೆ ಹೋಗುವ ಪ್ರಮಾಣ ಬಹಳ ಕಡಿಮೆ. ಯಾವುದು, ಎಷ್ಟು ಅನ್ನುವುದು ವೈದ್ಯರ ಕೆಲಸ. ಹಾಲು ಕುಡಿಸುತ್ತಿದ್ದೇನೆ ಅಂತ ಅವರಿಗೆ ತಪ್ಪದೆ ಹೇಳಿ. ಮಾತ್ರೆ ಶುರು ಮಾಡಿದ ಮಾರನೇ ದಿನವೇ ಗುಣ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು. "ಒಂದು ವಾರ ನುಂಗಿದಳು, ಏನೂ ಆಗಲಿಲ್ಲ" ಅಂತ ನಿಲ್ಲಿಸುವವರೇ ಜಾಸ್ತಿ. ಚೆನ್ನಾಗಾದ ಮೇಲೂ ವೈದ್ಯರು ಹೇಳುವವರೆಗೆ ಬಿಡಬಾರದು. ಎಲ್ಲರಿಗೂ ಮಾತ್ರೆಯೇ ಬೇಕು ಅಂತಲೂ ಇಲ್ಲ, ಕಡಿಮೆ ಮಟ್ಟದ್ದಾದರೆ ಆಪ್ತಸಮಾಲೋಚನೆಯಲ್ಲೇ ಸರಿಹೋಗುತ್ತದೆ. ಥೈರಾಯ್ಡ್ ಮತ್ತು ರಕ್ತಹೀನತೆ ಪರೀಕ್ಷೆ ಮಾಡಿಸಿ. ಹೆರಿಗೆ ಆದಮೇಲೆ ಥೈರಾಯ್ಡ್ ಏರುಪೇರಾದರೂ ಹೀಗೇ ಕಾಣಿಸಬಹುದು.

ಹಳೇ ಬೇರು ಅವರ ಮಾತಿನಲ್ಲಿ ಒಂದು ನಿಜ ಇದೆ. ಹೆರಿಗೆಯಾದ ಮೂರ್ನಾಲ್ಕನೇ ದಿನದಿಂದ ಅಳು, ಸಿಡುಕು ತುಂಬ ಜನಕ್ಕೆ ಬರುತ್ತದೆ, ಎರಡು ವಾರದೊಳಗೆ ತಾನೇ ಹೋಗುತ್ತದೆ. ಅದಕ್ಕೆ ಮಾತ್ರೆ ಬೇಡ, ನಿದ್ದೆ ಮತ್ತು ಜನ ಬೇಕು. ಆದರೆ ಹತ್ತು ವಾರ ಅಂದರೆ ಅದು ಬೇರೆ. ಇನ್ನು ಬಾಣಂತಿ ಸನ್ನಿ ಅಂತ ಹಿತ್ತಲ ಬಾಗಿಲು ಅವರು ಬರೆದರಲ್ಲ, ಅದು ಮೂರನೆಯದು. ಸಾವಿರ ಹೆರಿಗೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ನಿದ್ದೆಯೇ ಇಲ್ಲ, ಇಲ್ಲದ ಧ್ವನಿ ಕೇಳುತ್ತದೆ, ಮಗು ನನ್ನದಲ್ಲ ಅನ್ನುತ್ತಾರೆ. ಅದಕ್ಕೆ ಅದೇ ದಿನ ಆಸ್ಪತ್ರೆ. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ವಿಭಾಗವೇ ಇದೆ. ಆ ಚಿಕ್ಕಮ್ಮನ ಕಾಲಕ್ಕೆ ಅದು ಇರಲಿಲ್ಲ, ಓದಿ ಹೊಟ್ಟೆ ಉರಿಯಿತು.

ಇದು ಬರೀ ಮೈಯೊಳಗಿನ ಏರುಪೇರಲ್ಲ ಅನ್ನುವುದನ್ನೂ ಹೇಳಬೇಕು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 250ಕ್ಕೂ ಹೆಚ್ಚು ತಾಯಂದಿರನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಆರರಿಂದ ಎಂಟನೇ ವಾರದಲ್ಲಿ ಶೇ 23ರಷ್ಟು ತಾಯಂದಿರಿಗೆ ಖಿನ್ನತೆ ಇತ್ತು. ಬಡತನ ಇದ್ದಲ್ಲಿ, ಗಂಡನ ಹೊಡೆತ ಇದ್ದಲ್ಲಿ ಜಾಸ್ತಿ. ಹುಟ್ಟಿದ್ದು ಹೆಣ್ಣಾದರೆ ಆ ಭಾರ ಇನ್ನೂ ಏರುತ್ತದೆ. ಬೆಲ್ಲ ಹಂಚದೆ ಹೋದರು ಅಂತ ನೀವು ಬರೆದಿದ್ದು ಇದನ್ನೇ.

ನಿಮಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಬರುವ ವಾರ ಯಾವುದು ಅಂತ ಆಸ್ಪತ್ರೆಯಲ್ಲಿ ಕೇಳಿಕೊಂಡು ಹೋಗಿ. ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ಸಿಗಬೇಕು ಅನ್ನುವ ಯೋಚನೆ ಬೆಳೆದಿದ್ದೇ ನಮ್ಮ ರಾಜ್ಯದಲ್ಲಿ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೇ ತರಬೇತಿ ಕೊಟ್ಟು ಮಾಡಿ ತೋರಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಬೇರೆ ಕಡೆಗೂ ಹರಡಿತು.


ಗುಲಾಬಿ ಸೀರೆ
ಸೋಮವಾರ, ರಾತ್ರಿ 9.00

ನಾನು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದವರ ಮನೆಗೆ 3, 7, 14, 21, 28, 42ನೇ ದಿನ ಹೋಗುತ್ತೇವೆ. ಆರು ಭೇಟಿ. ಮಗುವಿನ ತೂಕ, ಉಷ್ಣಾಂಶ, ಹೊಕ್ಕಳು ನೋಡುತ್ತೇವೆ. ತಾಯಿ ಎಷ್ಟು ಸಲ ಊಟ ಮಾಡಿದರು, ಎಷ್ಟು ಪ್ಯಾಡ್ ಬದಲಾಯಿಸಿದರು ಅಂತ ಕೇಳಿ ಬರೆದುಕೊಳ್ಳುತ್ತೇವೆ. ಮನಸ್ಸಿನ ಪ್ರಶ್ನೆ ನಾನೇ ಸೇರಿಸಿಕೊಂಡಿದ್ದೇನೆ. "ಮಗು ನೋಡಿದರೆ ಏನನ್ನಿಸುತ್ತೆ ತಾಯಿ?" ಅಂತ ಕೇಳುತ್ತೇನೆ. ಅತ್ತೆ ಎದುರಿಗೆ ಕೇಳಿದರೆ "ಖುಷಿ ಆಗುತ್ತೆ" ಅನ್ನುತ್ತಾರೆ. ಅದಕ್ಕೆ ತೂಕದ ಜೋಳಿಗೆ ತೂಗುಹಾಕಬೇಕು, ಒಂದು ಚೊಂಬು ಬಿಸಿನೀರು ತನ್ನಿ ಅಮ್ಮ ಅಂತ ಅತ್ತೆಯನ್ನು ಒಳಗೆ ಕಳಿಸುತ್ತೇನೆ. ಆ ಎರಡು ನಿಮಿಷದಲ್ಲಿ ಕೇಳುತ್ತೇನೆ. ಹೋದ ವರ್ಷ ಮೂವರು ಆ ಎರಡು ನಿಮಿಷದಲ್ಲಿ ಅತ್ತಿದ್ದಾರೆ. ಇಬ್ಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂರನೆಯವರನ್ನು ಮನೆಯವರು ಕಳಿಸಲಿಲ್ಲ. ಇವತ್ತಿಗೂ ಆ ಮನೆ ಮುಂದೆ ಹೋಗುವಾಗ ಕಿಟಕಿ ಕಡೆ ನೋಡುತ್ತೇನೆ.

42ನೇ ದಿನಕ್ಕೆ ನಮ್ಮ ಈ ಭೇಟಿ ಮುಗಿಯುತ್ತದೆ, ಮತ್ತೆ ಹೋಗುವುದು ಮಗುವಿಗೆ ಮೂರು ತಿಂಗಳಾದಾಗ. ಇವರ ತಂಗಿಗೆ ಈಗ ಎಪ್ಪತ್ತು ದಿನ. ಅಂಥವರಿಗೆ ಬಾಗಿಲು ತಟ್ಟುವವರು ಯಾರು ಅಂತ ನಾನು ಯೋಚಿಸುತ್ತೇನೆ.


ಥೇಮ್ಸ್ ದಂಡೆ
ಮಂಗಳವಾರ, ಬೆಳಗಿನ ಜಾವ 2.50

ಹಾಸನದವಳು, ಈಗ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ನನ್ನ ಮಗುವಿಗೆ ಆರು ವಾರ ಆದಾಗ ವೈದ್ಯರು ನನ್ನನ್ನು ಒಬ್ಬಳನ್ನೇ ಕೂರಿಸಿ ಮನಸ್ಸಿನ ಬಗ್ಗೆ ಕೇಳಿದರು. ಎಡಿನ್‌ಬರೊ ಪ್ರಶ್ನಾವಳಿ ಅಂತ ಹತ್ತು ಪ್ರಶ್ನೆ. 1987ರಲ್ಲಿ ಮಾಡಿದ್ದು, ಕನ್ನಡದಲ್ಲೂ ಇದೆ. ನಾನು ಎಲ್ಲದಕ್ಕೂ ಚೆನ್ನಾಗಿದ್ದೇನೆ ಅಂತ ಗುರುತು ಹಾಕಿ ಬಂದೆ. ಚೆನ್ನಾಗಿರಲಿಲ್ಲ. ಹೇಳಿದರೆ ಊರಲ್ಲಿ ಅಮ್ಮ ಏನನ್ನುತ್ತಾರೋ ಅನ್ನುವ ಭಯ ಸುಮಾರು ಎಂಟು ಸಾವಿರ ಕಿಲೋಮೀಟರ್ ದಾಟಿಯೂ ನನ್ನ ಜೊತೆ ಬಂದಿತ್ತು. ತಂಗಿ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಿದಳಲ್ಲ, ಅದು ದೊಡ್ಡ ಧೈರ್ಯ. ಅವಳಿಗೆ ಹೇಳಿ.


ಜೋಳದ ಹೊಲ
ಮಂಗಳವಾರ, ಬೆಳಿಗ್ಗೆ 7.30

ರಾಯಚೂರು ಕಡೆಯವನು, ಮಹಿಳಾ ಸ್ವಸಹಾಯ ಸಂಘಗಳ ಜೊತೆ ಕೆಲಸ. ಬಾಣಂತಿಯರ ಮಾತು ಬಂತು, ಒಳ್ಳೆಯದು. ಆದರೆ ಬಾಣಂತಿಗೆ ಒಂದು ಮಂಚ, ಮೂರು ತಿಂಗಳು ರಜೆಯಾದರೂ ಇದೆ. ಉಳಿದವರಿಗೆ ಅದೂ ಇಲ್ಲ.

ನಮ್ಮ ಕಡೆ ಅಕ್ಕಂದಿರು ಮನಸ್ಸಿಗೆ ಬೇಜಾರು ಅಂತ ಆಸ್ಪತ್ರೆಗೆ ಹೋಗುವುದಿಲ್ಲ. ಮೈ ಕೈ ನೋವು, ತಲೆ ಸುತ್ತು, ಎದೆ ಡವಡವ, ಬಿಳಿ ಮುಟ್ಟು, ಇದನ್ನೇ ಹೇಳುತ್ತಾರೆ. ವಿಟಮಿನ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಆರು ತಿಂಗಳು ಬಿಟ್ಟು ಮತ್ತೆ ಅದೇ ನೋವು. ಒಬ್ಬ ಅಕ್ಕನ ಗಂಡ ಸಾಲಕ್ಕೆ ಹೆದರಿ ಜೀವ ಬಿಟ್ಟ. ಪರಿಹಾರದ ಕಾಗದಕ್ಕೆ ಆಫೀಸಿಗೆ ಹನ್ನೊಂದು ಸಲ ಅಲೆದಳು. ಪ್ರತಿ ಸಲ ಭೂಮಿ ಯಾರ ಹೆಸರಲ್ಲಿದೆ, ಸಾಲ ಎಷ್ಟು ಅಂತ ಕೇಳಿದರು. ನಿದ್ದೆ ಬರುತ್ತಾ ಅಂತ ಕೇಳಿದ್ದು ಸಂಘದ ಇನ್ನೊಬ್ಬ ಅಕ್ಕ.

ಹಂಗಾಗಿ ನಾನು ಇದನ್ನು ಆಸ್ಪತ್ರೆ ವಿಷಯ ಅಂತಷ್ಟೇ ನೋಡುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮ್ಮ ಸಂಘದ ನಾಲ್ವರು ತಿಂಗಳಿಗೊಮ್ಮೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಮಾತ್ರೆ ತರುತ್ತಿದ್ದಾರೆ. ಮೊದಲು ಮಾತ್ರೆ ಪುಕ್ಕಟೆ ಇತ್ತು, ಬಸ್ಸಿಗೆ ಗಂಡನ ಹತ್ತಿರ ದುಡ್ಡು ಕೇಳಬೇಕಿತ್ತು. ಕೇಳಿದರೆ ಯಾಕೆ ಅಂತ ಹೇಳಬೇಕಿತ್ತು. ಅಲ್ಲಿಗೆ ನಿಂತುಹೋಗುತ್ತಿತ್ತು. ಮನಸ್ಸಿನ ಕಾಯಿಲೆ ಒಂದು ಬಸ್ ಟಿಕೆಟಿನ ದುಡ್ಡಿನಲ್ಲಿ ಸಿಕ್ಕಿಹಾಕಿಕೊಂಡಿತ್ತು ಅಂದರೆ ನಂಬುತ್ತೀರಾ?


ಎರಡು ಚಕ್ರ
ಮಂಗಳವಾರ, ಬೆಳಿಗ್ಗೆ 9.10

ಯಾರ ಮನಸ್ಸೂ ನೋಯಿಸುವುದು ನನ್ನ ಉದ್ದೇಶವಲ್ಲ. ಆದರೆ ಆತ್ಮಹತ್ಯೆಯಲ್ಲಿ ಗಂಡಸರೇ ಜಾಸ್ತಿ ಸಾಯುತ್ತಾರೆ. ಹಾಗಿರುವಾಗ ಇಲ್ಲಿ ಎಲ್ಲರೂ ಮನಸ್ಸಿನ ಕಾಯಿಲೆಯನ್ನು ಹೆಣ್ಣಿನ ಸಮಾನತೆಯ ವಿಷಯ ಅನ್ನುವ ಹಾಗೆ ಯಾಕೆ ಮಾತಾಡುತ್ತಿದ್ದೀರಿ? ನನ್ನ ಅಣ್ಣನನ್ನು ಕಳೆದುಕೊಂಡವನು ನಾನು, ಅದಕ್ಕೇ ಕೇಳುತ್ತಿದ್ದೇನೆ.


ರಾತ್ರಿ ಪಾಳಿ
ಮಂಗಳವಾರ, ಬೆಳಿಗ್ಗೆ 10.30

ನಿಮ್ಮ ಅಣ್ಣನ ವಿಷಯ ಕೇಳಿ ತುಂಬ ನೋವಾಯಿತು. ನೀವು ಹೇಳಿದ ಲೆಕ್ಕ ಸರಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ 1.64 ಲಕ್ಷ ಜನ ಆತ್ಮಹತ್ಯೆ ಮಾಡಿಕೊಂಡರು. ಅದರಲ್ಲಿ ಹೆಂಗಸರು ಸುಮಾರು 45 ಸಾವಿರ, ಉಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಗಂಡಸರಿಗೂ ಸಹಾಯ ಬೇಕು, ಅಳು ನುಂಗಬೇಕು ಅಂತ ಅವರಿಗೂ ಕಲಿಸಿದ್ದೇವೆ.

ಆದರೆ ಆ 45 ಸಾವಿರದ ಒಳಗೆ ನೋಡಿ. 23 ಸಾವಿರಕ್ಕೂ ಹೆಚ್ಚು ಜನ ಗೃಹಿಣಿಯರು. ಅರ್ಧಕ್ಕಿಂತ ಜಾಸ್ತಿ. ಇನ್ನೊಂದು ಲೆಕ್ಕ, ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಸತ್ತ ಹೆಂಗಸರಲ್ಲಿ 2016ರಲ್ಲಿ ಶೇ 36ಕ್ಕೂ ಹೆಚ್ಚು ನಮ್ಮ ದೇಶದವರು ಅಂತ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮದುವೆ, ಮನೆ, ಗಂಡ, ಮಕ್ಕಳು ಹೆಣ್ಣಿಗೆ ರಕ್ಷಣೆ ಅಂತ ನಾವು ಹೇಳಿಕೊಂಡು ಬಂದಿದ್ದೇವೆ. ಎಷ್ಟೋ ಮನೆಗಳಲ್ಲಿ ರಕ್ಷಣೆ ಸಿಕ್ಕಿಲ್ಲ ಅಂತ ಈ ಲೆಕ್ಕ ಹೇಳುತ್ತದೆ.

ಸಮಾನತೆ ಅಂದರೆ ಯಾರು ಜಾಸ್ತಿ ಸತ್ತರು ಅನ್ನುವ ಪೈಪೋಟಿ ಅಲ್ಲ. ನಮ್ಮ ವಾರ್ಡಿನಲ್ಲಿ ಗಂಡಸು ದಾಖಲಾದರೆ ಹೆಂಡತಿಯೋ ತಾಯಿಯೋ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಇರುತ್ತಾರೆ. ಹೆಂಗಸು ದಾಖಲಾದರೆ ಅವಳ ಅಮ್ಮ ಇರುತ್ತಾಳೆ, ಇಲ್ಲ ಅಕ್ಕ ತಂಗಿ. ಗಂಡ ಜೊತೆಗೆ ಉಳಿದುಕೊಂಡಿದ್ದನ್ನು ನಾನು ಹದಿನಾಲ್ಕು ವರ್ಷದಲ್ಲಿ ಬೆರಳೆಣಿಕೆಯಷ್ಟು ನೋಡಿದ್ದೇನೆ. ಬಿಡುಗಡೆ ದಿನ ಅವನು ಬರುತ್ತಾನೆ. "ಅಡುಗೆ ಮಾಡಬಹುದಾ?" ಅಂತ ಕೇಳುತ್ತಾನೆ. ಮೊದಲ ಪ್ರಶ್ನೆಯೇ ಅದು.


ತೊಟ್ಟಿಲು ಹಗ್ಗ
ಮಂಗಳವಾರ, ಮಧ್ಯಾಹ್ನ 12.15

ಆ ಪ್ರಶ್ನೆ ನಾನೂ ಕೇಳಿದ್ದೇನೆ. ಸರಿಯಾಗಿ ಅದೇ ಮಾತಲ್ಲ, "ಯಾವಾಗ ಮೊದಲಿನ ಹಾಗೆ ಆಗ್ತಾಳೆ" ಅಂತ. ನನ್ನ ಮನಸ್ಸಿನಲ್ಲಿದ್ದಿದ್ದು ಮನೆ ಕೆಲಸವೇ.

ಆ ಡಾಕ್ಟರಮ್ಮ ನನ್ನನ್ನು ಒಬ್ಬನನ್ನೇ ಒಳಗೆ ಕರೆದರು. ರಾತ್ರಿ ಮಗು ಎಷ್ಟು ಸಲ ಏಳುತ್ತೆ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ನಾನು ಬೇರೆ ಕೋಣೆಯಲ್ಲಿ ಮಲಗುತ್ತಿದ್ದೆ, ಬೆಳಿಗ್ಗೆ ಡ್ಯೂಟಿ ಅಂತ. "ಅವರಿಗೆ ಒಂದೇ ಸಮನೆ ಐದು ಗಂಟೆ ನಿದ್ದೆ ಬೇಕು, ಅದು ನಾನು ಬರೆದುಕೊಡುವ ಮೊದಲ ಔಷಧಿ, ಕೊಡಬೇಕಾದವರು ನೀವು" ಅಂದರು. ಅವತ್ತಿಂದ ರಾತ್ರಿ ಹತ್ತರಿಂದ ಮೂರರವರೆಗೆ ಮಗು ನನ್ನ ಹತ್ತಿರ. ಹಿಂಡಿಟ್ಟ ಹಾಲು ಒಳಲೆಯಲ್ಲಿ ಕುಡಿಸುವುದು ಕಲಿತೆ. ನಮ್ಮಮ್ಮ ನನ್ನ ಜೊತೆ ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ. ನನ್ನ ಹೆಂಡತಿ ಎಂಟು ತಿಂಗಳು ಮಾತ್ರೆ ತೆಗೆದುಕೊಂಡಳು. ಈಗ ಚೆನ್ನಾಗಿದ್ದಾಳೆ, ಇದನ್ನು ಬರೆಯಬಹುದಾ ಅಂತ ಕೇಳಿಯೇ ಬರೆದೆ.

ತುಂಗೆ ದಂಡೆ ಅಕ್ಕ, ನಿಮ್ಮ ತಂಗಿ ಗಂಡ "ಅಮ್ಮ ಹೇಳಿದ ಹಾಗೆ" ಅಂದರಲ್ಲ, ನಾನೂ ಅಂದವನೇ. ಅವರನ್ನು ಬಿಟ್ಟು ಮಾಡಬೇಡಿ, ಸಾಧ್ಯವಾದರೆ ಒಂದು ಸಲ ವೈದ್ಯರ ಮುಂದೆ ಕೂರಿಸಿ. ಬೇಕಿದ್ದರೆ ನಾನು ಅವರ ಜೊತೆ ಮಾತಾಡುತ್ತೇನೆ.


ಹಳೇ ಬೇರು
ಮಂಗಳವಾರ, ಸಂಜೆ 6.40

ಹಿತ್ತಲ ಬಾಗಿಲು ಅವರಿಗೆ. ನಿಮ್ಮ ಮಾತು ಓದಿ ನಿನ್ನೆಯಿಂದ ಸಮಾಧಾನವಿಲ್ಲ. ಇವತ್ತು ನನ್ನ ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವರಿಗೆ ಎಂಬತ್ತು. ನಾನು ಹುಟ್ಟಿದ ಮೇಲೆ ಅಮ್ಮ ಆರು ತಿಂಗಳು ನನ್ನನ್ನು ಎತ್ತಿಕೊಳ್ಳಲಿಲ್ಲವಂತೆ. ನನ್ನನ್ನು ಸಾಕಿದ್ದು ಅಕ್ಕನೇ, ಅವರಿಗೆ ಆಗ ಹನ್ನೊಂದು ವರ್ಷ, ಶಾಲೆ ಬಿಡಿಸಿದರಂತೆ. ಅರವತ್ತೊಂಬತ್ತು ವರ್ಷ ನನಗೆ ಯಾರೂ ಹೇಳಿರಲಿಲ್ಲ.


ತುಂಗೆ ದಂಡೆ
ಮೂರು ವಾರದ ನಂತರ

ಅವತ್ತು ಮಂಗಳವಾರವೇ ಮೆಗ್ಗಾನ್‌ಗೆ ಹೋದೆವು. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಶಕ್ತಿ ನಡೆಯುವುದಿಲ್ಲ. ಅಮ್ಮ ಅಕ್ಕಿ ಡಬ್ಬಿಯಿಂದ ಐನೂರು ರೂಪಾಯಿ ತೆಗೆದು ನನ್ನ ಕೈಗೆ ಕೊಟ್ಟರು, ಏನೂ ಮಾತಾಡಲಿಲ್ಲ. ಅಷ್ಟೇ ಅವರ ಒಪ್ಪಿಗೆ.

ವೈದ್ಯರು ಮೊದಲು ನನ್ನನ್ನು ಹೊರಗೆ ಕಳಿಸಿ ಅವಳ ಜೊತೆ ಮಾತಾಡಿದರು. ಮಾತ್ರೆ ಕೊಟ್ಟಿದ್ದಾರೆ, ಹಾಲು ನಿಲ್ಲಿಸಬೇಕಿಲ್ಲ ಅಂದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4 ಬಂತು, ಅದಕ್ಕೂ ಔಷಧಿ ನಡೆಯುತ್ತಿದೆ. ಕರಿಕೋಟು ಅವರು ಹೇಳಿದ ಹಾಗೆ ಪ್ರತಿನಿಧಿ ಕಾಗದ ಅವಳೇ ಬರೆದಳು, ನನ್ನ ಹೆಸರಿಗೆ. ಸಹಿ ಮಾಡುವಾಗ "ನನ್ನ ಸಹಿ ಸಾಕಾ?" ಅಂತ ಎರಡು ಸಲ ಕೇಳಿದಳು.

ಮೊದಲ ಹತ್ತು ದಿನ ಏನೂ ಬದಲಾಗಲಿಲ್ಲ. ರಾತ್ರಿ ಪಾಳಿ ಅವರ ಮಾತು ಮತ್ತೆ ಮತ್ತೆ ಓದಿಕೊಂಡು ತಡೆದುಕೊಂಡೆವು. ಈಗ ನಿದ್ದೆ ಬರುತ್ತಿದೆ. ನಿನ್ನೆ ಮಗುವಿಗೆ ಅವಳೇ ನೀರು ಹಾಕುತ್ತೇನೆ ಅಂದಳು. ಆ ಯೋಚನೆ ಪೂರ್ತಿ ಹೋಗಿಲ್ಲ, ಆದರೆ ಬಂದಾಗ ನನಗೆ ಹೇಳುತ್ತಾಳೆ.

ಅವಳ ಅತ್ತೆ ಇನ್ನೂ ಫೋನ್ ಮಾಡಿಲ್ಲ. ತಂಗಿ ಗಂಡ ಎರಡನೇ ಸಲ ತೋರಿಸೋಕೆ ಹೋದಾಗ ಬಂದಿದ್ದ. ಒಳಗೆ ಬರಲಿಲ್ಲ, ಮಗುವನ್ನು ಎತ್ತಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದ. ತೊಟ್ಟಿಲು ಹಗ್ಗ ಅವರ ನಂಬರ್ ಕೊಟ್ಟಿದ್ದೇನೆ. ಮಾತಾಡಿದನೋ ಇಲ್ಲವೋ ಕೇಳಿಲ್ಲ.

ಮಾತ್ರೆ ಚೀಟಿ ಅವಳ ಹತ್ತಿರವೇ ಇದೆ, ಮಗುವಿನ ತಾಯಿ ಕಾರ್ಡಿನ ಜೊತೆ ಒಂದೇ ಕವರಿನಲ್ಲಿ. ಮುಂದಿನ ಮಂಗಳವಾರ ಮತ್ತೆ ಹೋಗಬೇಕು. ಏಳೂವರೆ ಬಸ್ಸಿಗೆ ಹೊರಡುತ್ತೇವೆ. ಈ ಸಲ ಅಮ್ಮನೂ ಬರುತ್ತೇನೆ ಅಂದಿದ್ದಾರೆ. ಅವರಿಗೂ ವೈದ್ಯರ ಹತ್ತಿರ ಏನೋ ಕೇಳುವುದಿದೆಯಂತೆ.